ಬಿಸಿನೀರಿಗೆ ಸಂದ ಹೆಸರು

ಫೆಬ್ರವರಿ 3
ನಮ್ಮ ಬಿಸಿನೀರ ಬುಗ್ಗೆಯ ವಸತಿಗೃಹದ ಸ್ನಾನದ ಕೊಳ ಉಜ್ಜಿದೆ. ಟವೆಲ್ ಮಡಚಿದೆ. ಆಮೇಲೆ ಬಸ್ಸು ಹಿಡಿದು ಪಟ್ಟಣಕ್ಕೆ — ಇಂಜೆಕ್ಷನ್ ದಿನ. ಬ್ಯಾಂಕಿಗೆ ಹೋಗಿದ್ದಾಳೆ ಅಂತ ಅಮ್ಮ ಅತಿಥಿಗಳಿಗೆ ಹೇಳಿದ್ದಳಂತೆ.

ಡಾಕ್ಟರ್ ಮಿನೆಗಿಷಿ ಮೊಣಕೈ ಮಡಿಕೆ ನೋಡಿದರು. "ನಿದ್ದೇಲಿ ಕೆರ್ಕೋತೀರಾ, ಶಿಯೋರಿ ಅವರೇ?"

"ಇಲ್ಲ."

"ತುರಿಕೆಯ ಸುದ್ದಿ ನರಕ್ಕೆ ಮುಟ್ಟದ ಹಾಗೆ ತಡೆಯುತ್ತೆ ಈ ಇಂಜೆಕ್ಷನ್. ನೀವು ಚಿಕ್ಕವರಿದ್ದಾಗ ಇಂಥ ಔಷಧಿ ಎಲ್ಲಿತ್ತು?"

ಆಗ ಇದ್ದದ್ದು ನಮ್ಮ ಬುಗ್ಗೆಯ ನೀರು. ಬಾಲ್ಯವೆಲ್ಲ ಅದರಲ್ಲೇ ಮುಳುಗಿ ಕೆರೆದುಕೊಂಡೆ.

ಫೆಬ್ರವರಿ 5
ಹೊಸ ಅತಿಥಿ, ಕುರಾತಾ. ಜೊತೆಗೆ ಎರಡು ವರ್ಷದ ಮಗಳು ಸುಜು. ಕೆನ್ನೆ, ಕತ್ತು ಕೆಂಪು. ನನ್ನದೇ ಕಾಯಿಲೆ, ಅಟೋಪಿ ಎಂಬ ತುರಿಕೆಯ ಚರ್ಮರೋಗ.

ಅಮ್ಮ ನನ್ನ ತೋಳು ಎಳೆದು ಚಾಚಿದಳು. "ಮರದ ತೊಗಟೆ ಹಾಗಿತ್ತು. ಈಗ ನೋಡಿ. ಎಲ್ಲಾ ಈ ನೀರಿಂದ."

ಕುರಾತಾ ಮುಟ್ಟಿ ನೋಡಿದಳು. ನಾನು ತಲೆಬಾಗಿ ವಂದಿಸಿದೆ. ಇಲ್ಲವೆನ್ನಲಿಲ್ಲ.

"ಮಗೂಗೆ ಮುಲಾಮು ಹಚ್ತಿದ್ದೀನಲ್ಲ, ಯಜಮಾನಮ್ಮ?"

"ಸ್ಟಿರಾಯ್ಡ್ ತಾನೆ? ನಿಲ್ಸಿ. ನೀರು ಕೆಲಸ ಮಾಡ್ಬೇಕು."

ಅಡುಗೆಮನೆಯಲ್ಲಿ ಕೇಳಿದೆ — ಸುಳ್ಳು ಯಾಕಮ್ಮ?

"ಯಾವ ಸುಳ್ಳು? ನೀನು ನೀರಿಗೂ ಇಳಿದಿದ್ದೀ. ಯಾವುದರಿಂದ ವಾಸಿಯಾಯ್ತು ಅಂತ ನಿನ್ನ ಚರ್ಮ ಬಾಯಿಬಿಟ್ಟಿತಾ?" ಮೂಲಂಗಿ ಹೆಚ್ಚುವುದು ನಿಲ್ಲಿಸಲಿಲ್ಲ.

ಫೆಬ್ರವರಿ 9
ಸುಜುವಿನ ಕೆನ್ನೆ ಒಡೆದು ಸೋರುತ್ತಿದೆ. ಕುರಾತಾಗೆ ಸಮಾಧಾನ. "ವಿಷ ಹೊರಗೆ ಬರ್ತಿದೆಯಂತೆ. ಮೊದಲು ಹೆಚ್ಚಾಗಿ ಆಮೇಲೆ ಇಳಿಯೋದಂತೆ."

ಪಕ್ಕದ ಕೋಣೆಯ ಅಜ್ಜಿ ಅಂದಳು, "ಒಳ್ಳೇ ಲಕ್ಷಣ. ನನ್ನ ಮೊಣಕಾಲಂತೂ ಎಷ್ಟೋ ವರ್ಷದಿಂದ ವಿಷ ಬಿಡ್ತಾನೇ ಇದೆ." ಎಲ್ಲರೂ ನಕ್ಕರು. ನಾನೂ.

ಫೆಬ್ರವರಿ 12, ಸಂಜೆ
ಆಸ್ಪತ್ರೆಯ ಪಡಸಾಲೆ. ಮಗು ಒಳಗಿದೆ.

ಬೆಳಿಗ್ಗೆ ಗಂಜಿ ಕೊಡಲು ಹೋದಾಗ ಸುಜುವಿನ ಮೈ ಸುಡುತ್ತಿತ್ತು. ಕೆನ್ನೆಯ ಮೇಲೆ ಒಂದೇ ಅಳತೆಯ ದುಂಡು ಹುಣ್ಣುಗಳು, ಮೊಳೆ ಒತ್ತಿದಂತೆ. ರೆಪ್ಪೆಯತ್ತ ಹರಡಿದ್ದವು. ಇದು ಅಟೋಪಿಯೊಂದೇ ಅಲ್ಲ. ಮಿನೆಗಿಷಿಯವರಿಗೆ ಫೋನ್ ಮಾಡಿದೆ. "ಹರ್ಪಿಸ್ ವೈರಸ್ ಸೋಂಕಿರಬಹುದು. ಈಗಲೇ ಕರ್ಕೊಂಡ್ಬನ್ನಿ. ಕಣ್ಣಿಗೆ ಹೋದ್ರೆ ಕಷ್ಟ."

ಕುರಾತಾ ಮಗುವನ್ನು ಅವಚಿಕೊಂಡಳು. "ಬೇಡ. ಮತ್ತೆ ಮುಲಾಮು ಹಚ್ತಾರೆ. ನೀವು ತಡ್ಕೊಂಡು ಗೆದ್ರಲ್ಲ?"

ಅಮ್ಮ ಬಾಗಿಲಲ್ಲಿ. ನನ್ನನ್ನೇ ನೋಡುತ್ತಿದ್ದಳು.

"ನಾನು ಗೆಲ್ಲಲಿಲ್ಲ. ಇಂಜೆಕ್ಷನ್ ತಗೋತೀನಿ. ನೀರಿಂದ ಏನೂ ಆಗ್ಲಿಲ್ಲ."

ಕುರಾತಾ ಅಮ್ಮನತ್ತ ತಿರುಗಿದಳು. "ನಿಜಾನಾ?"

ಅಮ್ಮ ಅಲ್ಲೇ ಮಂಡಿಯೂರಿ, ಕ್ಷಮೆ ಬೇಡುವಂತೆ ಚಾಪೆಗೆ ಹಣೆ ಹಚ್ಚಿದಳು. ಎಷ್ಟು ಹೊತ್ತಾದರೂ ಏಳಲಿಲ್ಲ. ಅವಳನ್ನು ದಾಟಿಕೊಂಡೇ ಹೊರಟೆವು.

ಕುರಾತಾ ಆಚೆ ತುದಿಯ ಬೆಂಚಿನಲ್ಲಿ. ಈಗ ನರ್ಸ್ ಬಂದರು — ಏನೋ ಹೇಳುತ್ತಿದ್ದಾರೆ, ಕೇಳಿಸುತ್ತಿಲ್ಲ. ಕುರಾತಾ ಎದ್ದಳು. ನನ್ನತ್ತ ಕೈ ಮಾಡಿ ಕರೆಯುತ್ತಿದ್ದಾಳೆ, ಅವಳ ಮುಖದ ಬಿಗಿ ಸಡಿಲಿದೆ.