ಹಾಡಿನಲ್ಲಿ ಸತ್ತ ಅಮ್ಮ

ಅವೆಲ್ಲನೆಡಾ
9 ಮೇ 1934

ನನ್ನ ಮುದ್ದು ಹಸಿಂತೋ,

ನಾನು ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಎರಡು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಹೊಲಿಗೆಯ ನೆಪ ಹೇಳಿ ಎದ್ದೆ. ತಪ್ಪು ನನ್ನದೇ, ಬೈಯಬೇಡ.

ನಿನ್ನ ಹೊಸ ಟ್ಯಾಂಗೋ ಹಾಡು ನಮ್ಮ ವಠಾರದಲ್ಲಿ ಎಬ್ಬಿಸಿದ ರಂಪ ಕೇಳು. ಬಟ್ಟೆ ಒಗೆದು ಒಗೆದು ಕೈ ಬಿರಿದ ತಾಯಿ ಕೊನೆಗೆ ಒಬ್ಬಳೇ ಕಣ್ಣು ಮುಚ್ಚುತ್ತಾಳೆ ಎಂದು ನೀನು ರೇಡಿಯೋದಲ್ಲಿ ಹಾಡಿದ ಮರುದಿನ, ಹಿಂದಿನ ಬೀದಿಯ ಅಸುಂತಾ ಕಪ್ಪು ಶಾಲು ಹೊದ್ದು, ಒಂದು ಪಾತ್ರೆ ಸೂಪು ಹಿಡಿದು ಬಾಗಿಲು ತಟ್ಟಿದಳು. ತೆರೆದವಳು ನಾನೇ.

"ಅಯ್ಯೋ ಮೇರಿ ಮಾತೆ! ನೀನಿನ್ನೂ ಇದ್ದೀಯೇನೇ?" ಎಂದು ಶಿಲುಬೆ ಗುರುತು ಹಾಕಿಕೊಂಡಳು.

"ಇದೀನಿ ಕಣೇ. ಸೂಪು ಒಳಗಿಡು, ಆರೋಗತ್ತೆ."

"ಮತ್ತೆ ನಿನ್ ಮಗ ಯಾಕೆ ಹಾಗೆ ಅಳ್ತಿದ್ದ?"

"ಟ್ಯಾಂಗೋದಲ್ಲಿ ಬದುಕಿರೋ ಅಮ್ಮನ್ನ ಎಲ್ಲಾದ್ರೂ ಕೇಳಿದೀಯಾ? ಪ್ರೇಯಸಿ ಕೈ ಕೊಡ್ಬೇಕು, ಅಮ್ಮ ಸಾಯ್ಬೇಕು. ಇಲ್ಲಾಂದ್ರೆ ರೆಕಾರ್ಡ್ ಯಾರು ತಗೋತಾರೆ?"

ಅಂದಿನಿಂದ ದಿನಸಿ ಅಂಗಡಿಯ ರಮಿರೋ, "ಸ್ವರ್ಗದಲ್ಲಿ ಆಲೂಗಡ್ಡೆ ಸಿಗಲ್ವಾ ಸೆನ್ಯೋರಾ?" ಎಂದು ಕಾಡುತ್ತಾನೆ. ಕಾಡುತ್ತಲೇ ಒಳ್ಳೊಳ್ಳೆಯದನ್ನು ಆರಿಸಿ ಕೊಡುತ್ತಾನೆ. ಹೆಂಗಸರು ನನ್ನ ಕೈ ಹಿಡಿದು, "ಇದೇ ತಾನೆ ಆ ಕೈ!" ಎಂದು ಮುತ್ತಿಡುತ್ತಾರೆ. ನಾಚಿಕೆಯಾಗುತ್ತದೆ, ಹಸಿಂತೋ. ಆದರೂ ಕೈ ಹಿಂದೆಳೆದುಕೊಳ್ಳುವುದಿಲ್ಲ.

ರೊಸಾರಿಯೋ ಊರಿನ ನಿನ್ನ ಕಚೇರಿಯಲ್ಲಿ ಈ ಹಾಡು ಮುಗಿದ ಮೇಲೆ ನನ್ನನ್ನು ವೇದಿಕೆಗೆ ಕರೆದು, ಇವಳೇ ಆ ತಾಯಿ ಎಂದು ಎಲ್ಲರಿಗೂ ತೋರಿಸುತ್ತೇನೆ ಎಂದು ಬರೆದಿದ್ದೀಯ. ಅಸುಂತಾ ಆಗಲೇ ತನ್ನ ಒಳ್ಳೆಯ ಟೋಪಿ ತಂದುಕೊಟ್ಟಿದ್ದಾಳೆ. ನಾನು ಬರುವುದಿಲ್ಲ ಕಂದ. ನನ್ನನ್ನು ಕರೆಯಬೇಡ.

ಗಂಟಲು ಜೋಪಾನ, ತಣ್ಣಗಿನದೇನೂ ಕುಡಿಯಬೇಡ. ದೇವರು ನಿನ್ನ ದನಿಯನ್ನೂ ನಿನ್ನನ್ನೂ ನೂರು ಕಾಲ ಕಾಯಲಿ.

ನಿನ್ನ ಅಮ್ಮ,
ಫಿಲೊಮೆನಾ

ತಾ.ಕ.: ಸಹಿ ಹಾಕಿದ ಮೇಲೂ ಕಾಗದ ಮಡಚಲಾಗಲಿಲ್ಲ. ಹಾಡಿನ ತಾಯಿ ನಾನಲ್ಲವೆಂದು ನಿನಗೂ ಗೊತ್ತು. ಕರುಣೆಯಿಂದ ಆ ಗೌರವ ನನಗೆ ಕೊಡಲು ಹೊರಟಿದ್ದೀಯ. ನಿನ್ನ ಅಪ್ಪ ತೀರಿದ ಮೇಲೆ ನಾನು ವಾದ್ಯಗಾರನೊಬ್ಬನ ಬೆನ್ನು ಹತ್ತಿ ಮಾಂಟೆವಿಡಿಯೋಗೆ ಹೋದಾಗ, ಊರವರ ಬಟ್ಟೆ ಒಗೆದು ನಿನ್ನನ್ನು ಸಾಕಿದವಳು ನಿನ್ನ ಸೋದರತ್ತೆ ಬೆನಿತಾ. ಮರಳಿ ಬಂದು ನಿನ್ನನ್ನು ಅವಳಿಂದ ಎಳೆದುಕೊಂಡು ಹೋದೆ. ಆಗ ನಿನಗೆ ಏಳು ವರ್ಷ. ಇಷ್ಟು ನಿನಗೆ ಗೊತ್ತು.

ಗೊತ್ತಿಲ್ಲದ್ದು ಇದು. ಬೆನಿತಾ ಹಾಸಿಗೆ ಹಿಡಿದಾಗ ಅವಳ ಪಕ್ಕದ ಮನೆಯವಳು ನಮ್ಮ ಬಾಗಿಲಿಗೆ ಬಂದು, "ಹುಡುಗನ್ನ ಒಂದ್ಸಲ ಕಳಿಸ್ಬೇಕಂತೆ, ಬೇಗ," ಎಂದು ಹೇಳಿ ಹೋದಳು. ನೀನು ಒಳಗೆ ಗಿಟಾರು ಬಾರಿಸುತ್ತಿದ್ದೆ. ಆಗೆಲ್ಲ ನೀನು ಅವಳನ್ನು ಅಮ್ಮಾ ಎನ್ನುತ್ತಿದ್ದೆ, ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದೆ. ಹೊಟ್ಟೆಕಿಚ್ಚಿಗೆ ನಾನು ಹೇಳಲಿಲ್ಲ. ಭಾನುವಾರ ಹೇಳಿದರಾಯಿತು ಅಂದುಕೊಂಡೆ. ಬೆನಿತಾ ಶನಿವಾರವೇ ತೀರಿಹೋದಳು.

ಹಾಡಿನ ಕೊನೆಯಲ್ಲಿ ಮಗ, ತಡವಾಗಿ ಬಂದೆ, ಕ್ಷಮಿಸಮ್ಮ ಎಂದು ಅಳುತ್ತಾನೆ. ಅದನ್ನು ಕೇಳಿ ಊರಿಗೆ ಊರೇ ಅಳುತ್ತದೆ. ತಡ ಮಾಡಿದವನು ನೀನಲ್ಲ, ಕಂದ. ನಾನು.