ಪಡದೆಯ ಮೇಲಿನ ಕೊಡ

೧೨ ಮಾರ್ಚ್ ೧೯೫೭, ಮಂಗಳವಾರ. ಔರಾದ.

ಸಂಜೆ ಇಲ್ಲಿಯ ಬಜಾರಿನಲ್ಲಿ ಸರ್ಕಾರದ ವ್ಯಾನಿನವರು ಪಡದೆ ಕಟ್ಟಿ, ನಾನು ಕಲಿಸುವ ಹಳ್ಳಿಯ ಶಾಲೆಯ ಚಿತ್ರ ತೋರಿಸಿದರು. ಅದರಲ್ಲಿ ನಾನು ಕೊಡದಿಂದ ನೀರು ತೆಗೆದು ಎಲ್ಲ ಜಾತಿಯ ಮಕ್ಕಳಿಗೂ ಕುಡಿಸುತ್ತಿದ್ದೆ. ಹೊಸ ಮೈಸೂರು ರಾಜ್ಯದ ಶಾಲೆಗಳಲ್ಲಿ ಮೇಲುಕೀಳಿಲ್ಲ ಎಂದು ಒಂದು ದನಿ ಹೇಳಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. ಯಾರೋ ಬೇರೆಯವರನ್ನು ನೋಡಿದಂತಿತ್ತು.

ಮುಟ್ಟಬಾರದವರೆನ್ನುವ ಮಹಾರ ಜಾತಿಯ ಮಾಸ್ತರನಾದ ನಾನು ಆ ಕೊಡ ಮುಟ್ಟಿದ್ದು ಚಿತ್ರ ತೆಗೆದ ಅದೊಂದೇ ದಿನ. ಚಿತ್ರದವರು ಕೇಳಿದರೆಂದು ಹೆಡ್ ಮಾಸ್ತರ ಹಾವಗೆಪ್ಪನವರೇ ತಂಬಿಗೆಯನ್ನು ಕೈಗೆ ಕೊಟ್ಟರು. ಚಿತ್ರದವರ ಮೋಟಾರಿನ ಧೂಳು ಇಳಿಯುವ ಮೊದಲೇ ಆ ಮಣ್ಣಿನ ಕೊಡವನ್ನು ಹೊರಗೆ ಒಯ್ಯಿಸಿ ಒಡೆಸಿದರು.

"ಮನಸಿಗಿ ಹಚ್ಕೋಬ್ಯಾಡ್ರಿ ಮಚ್ಛೇಂದ್ರ ಮಾಸ್ತರ, ಊರ ಮಂದಿ ಕೇಳಂಗಿಲ್ರಿ," ಎಂದರು.

ನಾನು ಪಾಠಕ್ಕೆ ಹೋದೆ. ಇವತ್ತಿಗೂ ನನಗೆ ಮೇಲಿನಿಂದ ಬೊಗಸೆಗೆ ನೀರು ಸುರಿಯುತ್ತಾರೆ.

ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಹೆಂಡತಿ ಶೇವಂತಾ ಪಡದೆ ಸುತ್ತುವವರೆಗೂ ಕೂತಲ್ಲಿಂದ ಏಳಲಿಲ್ಲ. ದಾರಿಯುದ್ದಕ್ಕೂ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ರೊಟ್ಟಿ ಬಡಿಸುವಾಗ ಬಾಯಿ ಬಿಟ್ಟಳು.

"ನಮ್ಮ ಕೈಯಾಗಿನ ನೀರ ಎಲ್ಲಾರೂ ಕುಡದ್ರಲ್ರಿ! ನಾಳಿ ನಾನೂ ಸಾಲಿಗಿ ಬರ್ತೇನಿ. ಆ ಕೊಡ ಒಮ್ಮಿ ಕಣ್ಣಾರೆ ನೋಡ್ಬೇಕ್ರಿ."

ಹೂಂ ಎಂದೆ.

ಮದುವೆಯ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದ್ದಾಳೆ. ಬೆಳಗಿನ ಬಸ್ಸಿಗೆ ನಾವಿಬ್ಬರೂ ಹೊರಡಬೇಕು.