ಗಾಳಿ ಕುಡಿದ ಬೆಲ್ಲ

ಬೆಸಗರಹಳ್ಳಿ
ತಾ. 18-7-1944

ಪ್ರೀತಿಯ ಯಜಮಾನರಿಗೆ ನಿಮ್ಮ ಜಯಲಕ್ಷ್ಮಮ್ಮ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಪುಣೆಯಲ್ಲಿ ಮಳೆ ಬಿಡುವೇ ಕೊಡುವುದಿಲ್ಲವಂತೆ. ಮಿಲಿಟರಿ ಆಸ್ಪತ್ರೆಯಲ್ಲಿ ಎಲ್ಲರಿಗೂ ಔಷಧಿ ಕಲಸಿ ಕೊಡುವ ಕಾಂಪೌಂಡರಿಗೆ ತಾನೊಂದು ಗುಟುಕು ಕುಡಿಯಲು ಪುರಸೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಮಾವನವರ ಮಂಡಿನೋವು ಹಾಗೇ ಇದೆ. ಅತ್ತೆ ಗಟ್ಟಿಯಾಗಿದ್ದಾರೆ, ಅವರ ಗಂಟಲು ಇನ್ನೂ ಗಟ್ಟಿಯಾಗಿದೆ. ನಿಮ್ಮ ತಂಗಿ ಸಣ್ಣತಾಯಮ್ಮನ ಮದುವೆ ಶ್ರಾವಣಕ್ಕೆ ಗೊತ್ತಾಯಿತು.

ಆ ಮದುವೆಗೆಂದು ನಮ್ಮ ಆಲೆಮನೆಯಲ್ಲಿ ತೆಗೆದ ಅಚ್ಚುಬೆಲ್ಲವನ್ನು ಯುಗಾದಿ ಆದ ಮೇಲೆ ದೊಡ್ಡ ಗುಡಾಣಕ್ಕೆ ತುಂಬಿ, ಮುಚ್ಚಳದ ಸುತ್ತ ಸಗಣಿ ಮಣ್ಣು ಮೆತ್ತಿ ನಡುಮನೆಯ ಮೂಲೆಯಲ್ಲಿ ಇಟ್ಟಿದ್ದೆವು. ಹೋದ ತಿಂಗಳ ಕೊನೆಗೆ ಅತ್ತೆ ಮಣ್ಣು ಒಡೆದು ನೋಡಿದರೆ ಅಚ್ಚುಗಳೆಲ್ಲ ಕರಗಿ ಒಂದಕ್ಕೊಂದು ಅಂಟಿ, ತಳದಲ್ಲಿ ಪಾಕ ನಿಂತಿದೆ. ಯುದ್ಧದ ಕಾಲ, ಅಂಗಡಿಯಲ್ಲಿ ಬೆಲ್ಲ ಸಿಗುವುದೇ ಕಷ್ಟ. ಅತ್ತೆಯ ಕೋಪವೆಲ್ಲ ಬೀರಮ್ಮನ ಮೇಲೆ ಬಿತ್ತು. ನೆಲ ಸಾರಿಸುವಾಗ ಗುಡಾಣದ ಬುಡದಲ್ಲಿ ನೀರು ನಿಲ್ಲಿಸಿದ್ದಾಳೆ, ಮಡಕೆ ಅದನ್ನು ಹೀರಿಕೊಂಡಿದೆ, ಇನ್ನು ನಮ್ಮ ಹೊಸಿಲು ತುಳಿಯಬೇಡ ಎಂದುಬಿಟ್ಟರು. ಇಪ್ಪತ್ತೈದು ವರ್ಷದಿಂದ ಈ ಮನೆ ಸಾರಿಸಿದವಳು, ನಿಮ್ಮನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವಳು ಅಳಲಿಲ್ಲ. “ನಾನು ನೀರು ನಿಲ್ಸಿಲ್ಲ ಕಣವ್ವ. ನಿಲ್ಸಿದ್ರೆ ನಿಲ್ಸಿದೆ ಅಂತಿದ್ದೆ,” ಎಂದು ಪೊರಕೆಯನ್ನು ಗೋಡೆಗೆ ಒರಗಿಸಿ ಹೋದಳು. ನನಗೆ ಅವತ್ತು ಊಟ ಸೇರಲಿಲ್ಲ.

ಆಗ ನೆನಪಾಗಿದ್ದು ನಿಮ್ಮ ರಸಾಯನಶಾಸ್ತ್ರದ ನೋಟುಬುಕ್ಕು. ಮದುವೆಯಾದ ಹೊಸದರಲ್ಲಿ ಉಪ್ಪಿನ ಮರಿಗೆ ಮಳೆಗಾಲದಲ್ಲಿ ಯಾಕೆ ಬೆವರುತ್ತದೆ ಎಂದು ನಾನು ಕೇಳಿದ್ದೆ. ಪಾಠ ಹೇಳುವ ಚಪಲ ನಿಮಗೆ ಮೊದಲಿಂದಲೂ ಇದೆ, ಒಂದು ಪುಟವೇ ಬರೆದುಕೊಟ್ಟಿರಿ. ಪೆಟ್ಟಿಗೆ ತೆಗೆದು ಹುಡುಕಿದೆ, ಸಿಕ್ಕಿತು. ಡೆಲಿಕ್ವೆಸೆನ್ಸ್. ಗಾಳಿಯಲ್ಲಿರುವ ನೀರನ್ನು ತಾನೇ ಕುಡಿದು, ಆ ನೀರಿನಲ್ಲಿ ತಾನೇ ಕರಗುವುದು. ಬಿಸಿಲಿಗೆ ಬೆಣ್ಣೆ ಕರಗಿದರೆ ಈ ಮಾತು ಬಳಸಬಾರದು, ಹಾಲಿಗೆ ಹಾಕಿದ ಸಕ್ಕರೆ ಕರಗಿದರೂ ಬಳಸಬಾರದು, ಯಾರೂ ಕಾಯಿಸದೆ, ಯಾರೂ ನೀರು ಹಾಕದೆ ಕರಗಿದರೆ ಮಾತ್ರ ಬಳಸಬೇಕು ಎಂದು ಕೆಳಗೆ ಗೆರೆ ಎಳೆದಿದ್ದೀರಿ. ಯಾರೂ ನೀರು ಹಾಕದೆ ಎಂಬುದನ್ನು ನಾಲ್ಕು ಸಲ ಓದಿಕೊಂಡೆ.

ಮದ್ದೂರಿನಲ್ಲಿ ನಾಲ್ಕು ಕ್ಲಾಸು ಓದಿದ ಸೊಸೆ ಇಂಗ್ಲಿಷ್ ಮಾತು ಹೇಳಿದರೆ ಅತ್ತೆ ನಗುತ್ತಾರೆ, ಅದಕ್ಕೆ ಮಾತು ಬಿಟ್ಟು ಕೆಲಸ ಹಿಡಿದೆ. ಪಕ್ಕದ ಮನೆಯಿಂದ ಎರಡು ಗಟ್ಟಿ ಅಚ್ಚು ಕಡ ತಂದು, ಎರಡು ಕುಡಿಕೆಗಳಲ್ಲಿ ಒಂದೊಂದು ಇಟ್ಟೆ. ಒಂದರ ಬಾಯಿಗೆ ಮಣ್ಣು ಮೆತ್ತಿದೆ, ಇನ್ನೊಂದಕ್ಕೆ ಬರೀ ಮುಚ್ಚಳ. ನೀರಿನ ಸುಳಿವೂ ಇಲ್ಲದ ಅಟ್ಟದ ಮೇಲೆ ಎರಡನ್ನೂ ಇಟ್ಟು, ಎಂಟು ದಿನ ಯಾರೂ ಮುಟ್ಟಬೇಡಿ ಎಂದೆ. ಹುಚ್ಚು ಎಂದರು ಅತ್ತೆ. ಅನ್ನಿಸಿಕೊಂಡೆ. ಪುನರ್ವಸು ಮಳೆ ಸೋನೆ ಹಿಡಿದು ನನಗೆ ಸಹಾಯ ಮಾಡಿತು. ಇವತ್ತು ಬೆಳಿಗ್ಗೆ ಎಲ್ಲರೆದುರು ತೆಗೆದೆ. ಮಣ್ಣು ಮೆತ್ತಿದ್ದರಲ್ಲಿ ಬೆಲ್ಲ ಕಲ್ಲಿನಂತಿತ್ತು. ಇನ್ನೊಂದರಲ್ಲಿ ಅಂಚೆಲ್ಲ ಕರಗಿ ಪಾಕ ಇಳಿದಿತ್ತು. ಬೀರಮ್ಮ ಅಟ್ಟ ಹತ್ತಿ ಸಾರಿಸಲಿಲ್ಲವಲ್ಲ ಅತ್ತೆ ಎಂದೆ. ಮಾವನವರು ಬೆರಳಿಗೆ ಅಂಟಿದ ಪಾಕ ನೋಡುತ್ತಾ, “ಸರಿ ಕಣಮ್ಮ, ಗಾಳೀದೇ ಕೆಲ್ಸ ಅನ್ನು. ಗುಡಾಣದ್ ಮೆತ್ತಿದ್ ಬಾಯೊಳ್ಗೆ ಗಾಳಿ ಎಂಗೋಯ್ತು?” ಎಂದರು.

ಸಂಜೆ ಹೇಳುತ್ತೇನೆ ಎಂದು ಒಳಗೆ ಬಂದು ಈ ಕಾಗದ ಬರೆಯುತ್ತಿದ್ದೇನೆ. ಏನೇ ಆಗಲಿ ಹೇಳಿಯೇ ತೀರುತ್ತೇನೆ. ಮಾವನವರೂ ಅತ್ತೆಯವರೂ ಆಶೀರ್ವಾದ ತಿಳಿಸಿದ್ದಾರೆ. ಕಷಾಯ ಮಾಡಿಸಿಕೊಂಡು ಕುಡಿಯಿರಿ, ತಲೆ ನೆನೆಸಿಕೊಳ್ಳಬೇಡಿ.

ಇಂತಿ ನಿಮ್ಮ,
ಜಯಲಕ್ಷ್ಮಮ್ಮ

ಮ.ವಿ.: ಮಾರನೆಯ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ. ಗುಡಾಣದ ಬಾಯಿ ಬಿಚ್ಚಿದವಳು ನಾನು. ಮಳೆಗಾಲದ ಮೊದಲಲ್ಲಿ ರಜೆ ಮುಗಿಸಿ ಪುಣೆಗೆ ಹೊರಟ ನಮ್ಮೂರ ಸಿಪಾಯಿ ಅಂಕಯ್ಯನ ಕೈಯಲ್ಲಿ ನಿಮಗೆ ಬಂದ ನಾಲ್ಕು ಅಚ್ಚು ಬೆಲ್ಲ ಅದರೊಳಗಿನದೇ. ಕೇಳಿದ್ದರೆ ಅತ್ತೆ ಬೇಡ ಎನ್ನುತ್ತಿರಲಿಲ್ಲ, ನನ್ನ ಗಂಡನಿಗೆ ಬೆಲ್ಲ ಕೊಡಿ ಎಂದು ಕೇಳಲು ನನಗೇ ನಾಚಿಕೆಯಾಯಿತು. ಒಣಗಿದ ಮಣ್ಣು ಬಳೆಯಂತೆ ಇಡಿಯಾಗಿ ಎದ್ದು ಬಂದಿತ್ತು, ಹಾಗೇ ಕೂರಿಸಿಬಿಟ್ಟೆ. ಮತ್ತೆ ಮೆತ್ತಿದರೆ ಹಸಿ ಮಣ್ಣು ಕಾಣುತ್ತದೆಂಬ ಭಯ. ಬೀರಮ್ಮ ಹೊರಟಾಗಲೇ ಬಾಯಿಬಿಡಬೇಕಿತ್ತು. ಎಂಟು ದಿನ ಕುಡಿಕೆ ಕಾಯುತ್ತಾ ಧೈರ್ಯಕ್ಕೂ ಕಾದೆ, ಅದು ನನ್ನ ತಪ್ಪು. ನೆನ್ನೆ ಸಂಜೆ ಎಲ್ಲ ಹೇಳಿದೆ. ಅತ್ತೆ, “ನನ್ ಮಗನಿಗೆ ನಾಕೇ ಅಚ್ಚು ಕಳ್ಸಿದ್ಯೇನಮ್ಮಿ?” ಎಂದರು. ಆಮೇಲೆ ಬೀರಮ್ಮನಿಗೆ ಹೇಳಿಕಳಿಸಿದರೆ ಅವಳು, “ಕರೆದ್ರೆ ಬರಾಕಿಲ್ಲ. ಅಂದೋರೇ ಬಂದು ತಪ್ಪಾಯ್ತು ಅನ್ಲಿ,” ಎಂದಳಂತೆ. ಸರಿಯಾಗೇ ಹೇಳಿದ್ದಾಳೆ. ಬೀರಮ್ಮನ ಮನೆಗೆ ನಾನು ಹೊರಡುವುದಕ್ಕೆ ಮೊದಲೇ ಅತ್ತೆ ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಾರೆ.